ಹದಿನಾಲ್ಕನೆಯ ಪ್ರಶ್ನೆಗೆ ಉತ್ತರ

ಫಿಲೋಮಿನಾ ಮೇಡಂ ಅವರ ಮನೆಯಲ್ಲಿ ಸುದ್ದಿ ಹೇಳುವುದು ಸುಲಭದ ಕೆಲಸವಲ್ಲ. ಬೆಳಿಗ್ಗೆ ಪಾತ್ರೆ ತೊಳೆಯಲು ಬರುವ ಸಿದ್ದಲಿಂಗಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತ, “ಮೂರನೇ ಕ್ರಾಸಲ್ಲಿ ನೀರಿನ ಪೈಪು ಒಡ್ದೋಗದೆ ಕಣಮ್ಮ” ಎಂದರೆ ಸಾಕು, ಒಳಗಿನಿಂದ ಒಂದು ಪ್ರಶ್ನೆ ಬರುತ್ತದೆ: “ನೋಡಿದ್ದೋ, ಅಂತೆಯೋ?” ನೋಡಿದ್ದಾದರೆ ಎಲ್ಲಿ ನಿಂತು ನೋಡಿದ್ದು, ನೀರು ಹರಿಯುತ್ತಿತ್ತೋ ನಿಂತಿತ್ತೋ ಎಂಬುದನ್ನೂ ಹೇಳಬೇಕು. ಯಾರೋ ಹೇಳಿದ್ದಾದರೆ ‘ಒಡೆದುಹೋಗಿದೆಯಂತೆ’ ಎಂದು ಅಂತೆಯನ್ನು ಕೂಡಿಸಿಯೇ ಹೇಳಬೇಕು. ಅಂತೆ ಇಲ್ಲದ ಕೇಳಿಮಾತು ಆ ಮನೆಯ ಹೊಸ್ತಿಲು ದಾಟುವಂತಿಲ್ಲ. “ಪೈಪು ಒಡೆದ್ರೂ ಸಾಕ್ಷಿ ಕೇಳ್ತಾರಲ್ಲ ಈಯಮ್ಮ” ಎಂದು ಸಿದ್ದಲಿಂಗಮ್ಮ ಗೊಣಗುತ್ತ ನನ್ನತ್ತ ನೋಡಿದಾಗ ನಾನು ಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳುತ್ತೇನೆ. ಮುಂದಿನ ಸರದಿ ನನ್ನದೆಂದು ನನಗೆ ಗೊತ್ತು.

ಮೈಸೂರಿನ ವಿಜಯನಗರದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಮೋಟು ಗೋಡೆ ಮಾತ್ರ. ಅವರು ಜಿಲ್ಲಾ ನ್ಯಾಯಾಧೀಶರಾಗಿ ನಿವೃತ್ತರಾದವರು. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ವ್ಯಾಕರಣ ಹೇಳಿ, ಕೇಳಿದವರಿಗೂ ಹೇಳಿದವನಿಗೂ ಸಾಕಾದ ಮೇಲೆ ಮನೆಗೆ ಬಂದವನು. ಬೇರೆ ಭಾಷೆಗೆ ಇಡೀ ಒಂದು ವಾಕ್ಯ ಬೇಕಾಗುವ ಎಚ್ಚರವನ್ನು ನಮ್ಮ ಭಾಷೆ ‘ಅಂತೆ’ ಎಂಬ ಎರಡಕ್ಷರದಲ್ಲಿ ಮುಗಿಸಿಬಿಡುತ್ತದೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ, ಹುಡುಗರು ಬರೆದುಕೊಳ್ಳುತ್ತಿದ್ದರು. ಆ ಎರಡಕ್ಷರವನ್ನೇ ನೆಚ್ಚಿ ಬದುಕಿದವರನ್ನು ಮಾತ್ರ ನೋಡಿದ್ದು ಈ ಗೋಡೆಯಾಚೆಯೇ. ಅವರು ನನ್ನನ್ನು “ಮೇಷ್ಟ್ರೇ” ಎನ್ನುತ್ತಾರೆ, ನಾನು “ಮೇಡಂ” ಎನ್ನುತ್ತೇನೆ, ಬೆಳಗಿನ ಎರಡನೆಯ ಕಾಫಿ ಅವರಲ್ಲಿ.

ಅವರು ಮೆಟ್ಟಿಲು ಹತ್ತುವುದನ್ನು ನೋಡಬೇಕು. ಎಡಗೈ ತಾನಾಗಿ ಕೆಳಗಿಳಿದು, ಮೊಣಕಾಲಿನ ಬಳಿ ಇಲ್ಲದ ಯಾವುದೋ ಬಟ್ಟೆಯ ಅಂಚನ್ನು ಚಿಟಿಕೆಯಲ್ಲಿ ಹಿಡಿದು ಮೇಲೆತ್ತುತ್ತದೆ. ಕಪ್ಪು ನಿಲುವಂಗಿ ಕಳಚಿ ಎಂಟು ವರ್ಷವಾದರೂ ಕೈಗೆ ಆ ವರ್ತಮಾನ ಮುಟ್ಟಿಲ್ಲ. ಏಪ್ರಿಲ್ ತಿಂಗಳ ಧಗೆಯಲ್ಲೂ ಮೈಮೇಲೊಂದು ಬೂದುಬಣ್ಣದ ಸ್ವೆಟರು, ಅದರ ಬಲಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಎರಡು ಮಾರಿ ಬಿಸ್ಕತ್ತು. ಯಾವ ನಿರ್ಧಾರ ಕೈಗೊಳ್ಳುವುದಕ್ಕೂ ಮೊದಲು, ಅದು ಸೀರೆಯ ಬಣ್ಣದ ವಿಷಯವೇ ಆಗಿರಲಿ, ಆ ಎರಡನ್ನೂ ನಿಧಾನವಾಗಿ ತಿಂದು ನೀರು ಕುಡಿಯುತ್ತಾರೆ. ಸೇವೆಗೆ ಸೇರಿದ ಹೊಸದರಲ್ಲಿ ತರಬೇತಿಗೆ ಕರೆಸಿಕೊಂಡು, ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರಿಂದ, ನ್ಯಾಯಾಧೀಶರ ಮನಸ್ಸು ತನಗೇ ಗೊತ್ತಿಲ್ಲದೆ ಎತ್ತೆತ್ತ ವಾಲುತ್ತದೆಂಬ ಬಗ್ಗೆ ಉಪನ್ಯಾಸ ಮಾಡಿಸಿದ್ದರಂತೆ. ಹಸಿದವನ ತೀರ್ಪು ಕಠಿಣವಾಗುತ್ತದೆ, ಮೊದಲು ಕೇಳಿದ ಮಾತು ಕೊನೆಯ ಮಾತನ್ನು ನುಂಗುತ್ತದೆ, ನೀಟಾಗಿ ಮಾತಾಡುವವನು ನಿಜ ಹೇಳುವವನಂತೆ ಕಾಣುತ್ತಾನೆ, ಇತ್ಯಾದಿ. ಸಭೆಯಲ್ಲಿದ್ದವರೆಲ್ಲ ಇದು ಬೇರೆಯವರ ಕತೆಯೆಂದು ನಕ್ಕು ಊಟಕ್ಕೆ ಎದ್ದರು. ಮೇಡಂ ಕೂಡ ನಕ್ಕರು. ಆದರೆ ಹಸಿವಿನ ಮಾತನ್ನು ಮಾತ್ರ ನಂಬಿ ಅಂದಿನಿಂದ ಬಿಸ್ಕತ್ತು ಹಿಡಿದರು. ಮಿಕ್ಕ ಮಾತುಗಳಿಗೂ ಇಷ್ಟೇ ಸುಲಭದ ಔಷಧ ಅಂಗಡಿಯಲ್ಲಿ ಸಿಗುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಹೇಳುತ್ತಾರೆ.

ಮೇಡಂ ಹುಟ್ಟಿದ್ದು ಮಂಡಿ ಮೊಹಲ್ಲಾದಲ್ಲಿ, ಸಗಟು ಅಂಗಡಿಗಳ ಬೀದಿಯ ಹಿಂದಿನ ಓಣಿಯಲ್ಲಿ. ತಂದೆ ತೋಮಸ್ ಅವರಿಗೆ ಅಲ್ಲೊಂದು ಸಣ್ಣ ಕಾರ್ಖಾನೆ. ಮದುವೆ ಬ್ಯಾಂಡಿನವರ ತುತ್ತೂರಿ, ಕ್ಲಾರಿನೆಟ್ಟುಗಳ ರಿಪೇರಿ. ವಾದ್ಯವನ್ನು ಒಂದು ಸಲ ಊದಿಸಿ, ಕಣ್ಣು ಮುಚ್ಚಿ ಕೇಳಿ, ಗಾಳಿ ಎಲ್ಲಿ ಸೋರುತ್ತಿದೆಯೆಂದು ಬೆರಳಿಟ್ಟು ತೋರಿಸುತ್ತಿದ್ದರು. ಆ ಓಣಿಯಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು ಎಲ್ಲವೂ ಒಂದೇ ನಲ್ಲಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದವು; ಹಳ್ಳಿಗಳಿಂದ ಗಾಡಿ ಹೊಡೆದುಕೊಂಡು ಬಂದವರ ‘ಅಂಗೇ, ಎಂಗೆ, ಬಂದ್ಬುಟ್ಟೆ’ ಮೇಡಂಗೆ ಜೋಗುಳದ ಭಾಷೆ. ಮಗಳಿಗೆ ಅಪ್ಪನ ಕಿವಿ ಬಂದಿದೆಯೆಂದು ಮನೆಯವರೆಲ್ಲ ಹೇಳುತ್ತಿದ್ದರು. ಅವರೂ ಅದನ್ನು ನಂಬಿದರು. ಇದನ್ನು ನೆನಪಿನಲ್ಲಿಡಿ, ಏಕೆಂದರೆ ಅವರ ಸಂಕಟವೆಲ್ಲ ಶುರುವಾದದ್ದು ಈ ನಂಬಿಕೆಯಿಂದಲೇ.

ಕೋರ್ಟಿನಲ್ಲಿ ಅವರ ಅಡ್ಡಹೆಸರು ‘ಅಂತೆ ಮೇಡಂ’. ತಾನು ಕಣ್ಣಾರೆ ಕಂಡದ್ದನ್ನು ಮಾತ್ರ ಸಾಕ್ಷಿ ಹೇಳಬೇಕು, ಬೇರೆಯವರು ಹೇಳಿದ್ದನ್ನು ಹೇಳಬಾರದು ಎಂಬುದು ಕಾನೂನು. ಕಟಕಟೆಯಲ್ಲಿ ನಿಂತವನ ಬಾಯಲ್ಲಿ “ಬಂದ್ನಂತೆ, ಹೊಡದ್ನಂತೆ” ಎಂಬುದು ಎಷ್ಟು ಮೆಲ್ಲಗೆ ನುಸುಳಿದರೂ ಮೇಡಂ ಅವರ ಪೆನ್ನು ನಿಲ್ಲುತ್ತಿತ್ತು. ವಕೀಲರು ಆಕ್ಷೇಪಣೆಗೆ ಏಳುವಷ್ಟರಲ್ಲಿ ಆ ಮಾತು ದಾಖಲೆಯ ಹೊರಗೆ ಬಿದ್ದಿರುತ್ತಿತ್ತು. ಇಪ್ಪತ್ತೊಂದು ವರ್ಷ ಅವರು ಅಂತೆಗಳನ್ನು ಹೀಗೆ ಹೆಕ್ಕಿ ಹೆಕ್ಕಿ ಹೊರಗೆ ಹಾಕಿದರು. ನಿವೃತ್ತರಾಗಿ ಮನೆಗೆ ಬಂದಾಗ ತಮ್ಮ ಕಿವಿ ಒಂದು ಸಲವೂ ತಪ್ಪಿಲ್ಲವೆಂಬ ತೃಪ್ತಿಯಿಂದಲೇ ಬಂದರು.

ಆ ತೃಪ್ತಿಯನ್ನು ಮುರಿದವರು ಚಿಕ್ಕಯ್ಯ. ಮೇಡಂ ಸೇವೆಯ ಆರಂಭದಲ್ಲಿ ಪಕ್ಕದ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದಾಗ, ಅವರು ಹೇಳಿದ್ದನ್ನೆಲ್ಲ ಟೈಪು ಮಾಡುತ್ತಿದ್ದ ಸ್ಟೆನೋ. ಈಗ ವಿದ್ಯಾರಣ್ಯಪುರಂನಲ್ಲಿದ್ದಾರೆ. ಎರಡು ವರ್ಷದ ಕೆಳಗೆ ಮಗಳು ಹೇಮಶ್ರೀಯ ಮದುವೆಯ ಕರೆಯೋಲೆ ಕೊಡಲು ಬಂದವರು, ಕಾಫಿ ಕುಡಿಯುತ್ತ ಹಳೆಯ ತಮಾಷೆಗಳನ್ನು ತೆಗೆದರು. ನಾನೂ ಅಲ್ಲೇ ಕೂತಿದ್ದೆ.

“ಆ ಹಮಾಲಿ ನೆನಪವ್ನಾ ಮೇಡಂ, ಜವರಪ್ಪ? ನೀವು ಅಷ್ಟು ಗಂಭೀರವಾಗಿ ಪ್ರಶ್ನೆ ಕೇಳುದ್ರೆ ‘ಅಂಗಂತೆ ಕಣವ್ವ’ ಅಂದ್ಬುಟ್ನಲ್ಲ. ಇಡೀ ಕೋರ್ಟೇ ನಕ್ಬುಡ್ತು.”

ಮೇಡಂ ಲೋಟ ಕೆಳಗಿಟ್ಟರು. “ಅಂಗಂತೆ ಅನ್ನಲಿಲ್ಲ ಚಿಕ್ಕಯ್ಯ. ಅಂಗೇ ಅಂದ. ‘ಅಂಗೇ ಕಣವ್ವ’ ಅಂದ.”

“ಇಲ್ಲ ಮೇಡಂ. ಅಂಗಂತೆ. ಅದಕ್ಕೇ ಅಲ್ವಾ ಎಲ್ಲಾ ನಕ್ಕಿದ್ದು.”

ಜವರಪ್ಪ ಮಂಡಿಯೊಂದರಲ್ಲಿ ಮೂಟೆ ಹೊರುತ್ತಿದ್ದವನು. ಒಂದು ಸಂಜೆ ಹಮಾಲಿಗಳ ನಡುವೆ ಜಗಳವಾಗಿ, ಬಿಡಿಸಲು ಬಂದ ಗುಮಾಸ್ತನಿಗೆ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ ತಗುಲಿ ಅವನ ಒಂದು ಕಣ್ಣು ಹೋಯಿತು. ಕೊಕ್ಕೆ ಎಲ್ಲರ ಕೈಯಲ್ಲೂ ಇತ್ತು. ಜವರಪ್ಪನೇ ಬೀಸಿದನೆಂದು ಹೇಳಿದ ಸಾಕ್ಷಿ ಒಬ್ಬನೇ, ಅವನೂ ಹಿಂದಿನಿಂದ ನೋಡಿದವನು. ಜಾಮೀನಿನ ಅರ್ಜಿ ಬಂದ ದಿನ ಕಡತದಲ್ಲಿ ಮೇಲೆಯೇ ಆ ಗುಮಾಸ್ತನ ಮುಖದ ಫೋಟೋ ಇತ್ತು. ಎದುರಿಗೆ ಆರೋಪಿ ನಗುತ್ತ ನಿಂತಿದ್ದ. ಅವನದು ಗಾಬರಿಯಾದಾಗ ನಗುವ ಮುಖ. ಅದು ತಿಳಿದದ್ದು ಬಹಳ ವರ್ಷದ ಮೇಲೆ. ಅಂದು ಮೇಡಂ ಜಾಮೀನು ನಿರಾಕರಿಸಿ, ‘ಮೇಲ್ನೋಟಕ್ಕೆ ಆರೋಪಿಯ ಕೈವಾಡ ಕಂಡುಬರುತ್ತದೆ’ ಎಂದು ಒಂದು ಸಾಲು ಬರೆಸಿದರು. ಆ ಸಾಲು ತಮ್ಮದೇ ಮಾತಾದ್ದರಿಂದ ಅದರ ಮೇಲೆ ಅವರಿಗೆ ಮಮತೆ ಬೆಳೆಯಿತು. “ಒಂದು ಸಲ ಇವನನ್ನು ಒಳಗಿಡಿ ಅಂತ ಬರೆದ ಮೇಲೆ, ಮುಂದೆ ಬಂದ ಪ್ರತಿಯೊಂದು ಕಾಗದವೂ ನೀನು ಬರೆದದ್ದು ಸರಿ ಸರಿ ಅಂತಲೇ ಹೇಳ್ತಿತ್ತು ಮೇಷ್ಟ್ರೇ” ಎಂದರು ನನ್ನೊಡನೆ, ಗೋಡೆಯ ಕಡೆ ನೋಡುತ್ತ.

ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ನಿಲ್ಲಿಸಿಕೊಂಡು, ನಿನ್ನ ಮೇಲೆ ಇಂತಿಂಥವರು ಹೀಗೆ ಹೇಳಿದ್ದಾರೆ, ನೀನೇನು ಹೇಳುತ್ತೀ ಎಂದು ಒಂದೊಂದಾಗಿ ಕೇಳುವ ಘಟ್ಟವೊಂದಿದೆ. ಹದಿಮೂರು ಪ್ರಶ್ನೆಗಳಿಗೆ ಜವರಪ್ಪ ಗೊತ್ತಿಲ್ಲ, ಸುಳ್ಳು ಎಂದ. ಹದಿನಾಲ್ಕನೆಯದು: ‘ಕೊಕ್ಕೆ ಬೀಸಿದವನು ನೀನೇ ಎಂದು ಎರಡನೆಯ ಸಾಕ್ಷಿ ಹೇಳಿದ್ದಾರೆ.’ ಅದಕ್ಕೆ ಅವನು ಆ ನಗುಮುಖದಲ್ಲೇ ಕೊಟ್ಟ ಉತ್ತರ ಚಿಕ್ಕಯ್ಯನವರ ಕಿವಿಗೆ ‘ಅಂಗಂತೆ ಕಣವ್ವ’ ಎಂದು ಬಿತ್ತು. ‘ಹಾಗೆಂದು ಅವರು ಹೇಳುತ್ತಾರೆ, ನಾನು ಕಾಣೆ’ ಎಂದು ಅದರ ಅರ್ಥ. ಮೇಡಂ ಅವರ ಕಿವಿಗೆ ‘ಅಂಗೇ ಕಣವ್ವ’ ಎಂದು ಬಿತ್ತು, ಅಂದರೆ ಹೌದು, ಹಾಗೆಯೇ. ಅವರು ಬರೆಸಿದ್ದು ತಾವು ಕೇಳಿದ್ದನ್ನು. ಕೊನೆಯಲ್ಲಿ ‘ಓದಿ ಹೇಳಲಾಗಿದೆ, ಸರಿಯಾಗಿದೆ’ ಎಂಬ ಮಾಮೂಲು ಸಾಲು ತಾನಾಗಿ ಬಂತು, ಯಾರೂ ಓದಿ ಹೇಳಲಿಲ್ಲ, ಅವನು ಹೆಬ್ಬೆಟ್ಟೊತ್ತಿದ. ಮೂರು ವರ್ಷ ಶಿಕ್ಷೆಯಾಯಿತು. ಮೇಲಿನ ಕೋರ್ಟಿಗೆ ಓಡಾಡುವವರು ಅವನಿಗೆ ಯಾರೂ ಇರಲಿಲ್ಲ. ಪ್ರತಿ ವಾಯಿದೆಗೂ ಬಂದು ಕೋರ್ಟಿನ ಜಗಲಿಯ ಮೇಲೆ ಕೂರುತ್ತಿದ್ದ ತಾಯಿ ಬೆಟ್ಟಮ್ಮ, ಅವನು ಹೊರಗೆ ಬರುವಷ್ಟರಲ್ಲಿ ತೀರಿಕೊಂಡಿದ್ದಳು.

“ಅವತ್ತೇ ಯಾಕೆ ಹೇಳಲಿಲ್ಲ ನೀವು?” ಎಂದು ಮೇಡಂ ಕೇಳಿದರು. ಚಿಕ್ಕಯ್ಯನವರ ಮುಖ ಸಣ್ಣಗಾಯಿತು. “ನೀವಾಗ್ಲೇ ಮುಂದಿನ ಪ್ರಶ್ನೆಗೆ ಹೋಗಿದ್ರಿ ಮೇಡಂ. ಮಧ್ಯೆ ಬಾಯಾಕಕ್ಕೆ ನಾನ್ಯಾರು?” ಎಂದವರು, ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿ, “ಅವ್ನೇ ಮಾಡವ್ನೆ ಅಂತ ನಂಗೂ ಅನ್ಸಿತ್ತು” ಎಂದರು.

ಅಲ್ಲಿಂದಾಚೆಗೆ ನಾನು ಕಂಡ ಫಿಲೋಮಿನಾ ಮೇಡಂ ಬೇರೆಯೇ. ತಾವು ತೀರ್ಪು ಕೊಟ್ಟ ಊರಿಗೆ ಬಸ್ಸಿನಲ್ಲಿ ಹೋಗಿ, ನಕಲು ವಿಭಾಗದ ಕಿಟಕಿಯ ಮುಂದೆ ಸಾಮಾನ್ಯ ಕಕ್ಷಿದಾರಳ ಹಾಗೆ ಸಾಲಿನಲ್ಲಿ ನಿಂತು, ತಾವೇ ಬರೆದ ತೀರ್ಪಿನ ನಕಲಿಗೆ ಅರ್ಜಿ ಹಾಕಿ ಬಂದರು. ಹೇಳಿಕೆಯ ಹಾಳೆಗಳನ್ನೆಲ್ಲ ಅವಧಿ ಮುಗಿದಿದೆಯೆಂದು ನಾಶ ಮಾಡಿದ್ದರು. ತೀರ್ಪು ಮಾತ್ರ ಉಳಿದಿತ್ತು. ಅದನ್ನು ನನಗೆ ಓದಿ ಹೇಳಿದರು. ಚೆನ್ನಾದ ಕನ್ನಡ. ಅದಕ್ಕಾಗಿಯೇ ಆ ವರ್ಷ ಊರಿನ ಕನ್ನಡ ಸಂಘದವರು ಶಾಲು ಹೊದಿಸಿದ್ದರಂತೆ. ‘ಆರೋಪಿಯೇ ಹಾಗೆಯೇ ಎಂದು ಒಪ್ಪಿರುವಾಗ ನ್ಯಾಯಾಲಯವು ಕಣ್ಣು ಮುಚ್ಚಿ ಕುಳಿತಿರಲಾಗದು’ ಎಂಬಲ್ಲಿಗೆ ಬಂದು ನಿಲ್ಲಿಸಿ, ಸ್ವೆಟರಿನ ತೋಳಿನಿಂದ ಕನ್ನಡಕ ಒರೆಸಿಕೊಂಡರು. ವ್ಯಾಕರಣದ ತಪ್ಪೇನಾದರೂ ಇದೆಯೇ ಎಂದು ಕೇಳಿದರು. ಇಲ್ಲವೆಂದೆ. ನನಗೆ ಅಳು ಬಂದಿತ್ತು.

ಬೇರೆ ಊರಿನವರಾಗಿದ್ದರೆ, ಆ ಮಾತು ಪರಿಚಯವಿಲ್ಲದೆ ತಪ್ಪಾಯಿತೆಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅಂತೆ ಎಂಬುದನ್ನು ನೂರು ಮಾತಿನ ನಡುವಿನಿಂದಲೂ ಹಿಡಿಯಬಲ್ಲವರು, ಅದೇ ಭಾಷೆಯಲ್ಲಿ ಬೆಳೆದವರು, ಒಬ್ಬನನ್ನು ಉಳಿಸಬಹುದಾಗಿದ್ದ ಒಂದೇ ಒಂದು ಅಂತೆಯನ್ನು ಕೇಳಿಸಿಕೊಳ್ಳದೆ ಹೋದರೆ ಅದಕ್ಕೇನು ಹೇಳುವುದು? ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. “ಈಗಲೂ ನೆನೆಸಿಕೊಂಡರೆ ನನಗೆ ‘ಅಂಗೇ’ ಅಂತಲೇ ಕೇಳಿಸುತ್ತೆ ಮೇಷ್ಟ್ರೇ” ಎನ್ನುತ್ತಿದ್ದರು. “ಚಿಕ್ಕಯ್ಯ ಹೇಳಿದ್ದು ಸರಿ ಅಂತ ಬುದ್ಧಿ ಒಪ್ಪುತ್ತೆ. ಕಿವಿ ಒಪ್ಪಲ್ಲ.” ಜವರಪ್ಪ ಕೊಕ್ಕೆ ಬೀಸಿರಲೂಬಹುದು, ಬೀಸದೆ ಇರಲೂಬಹುದು; ಅದನ್ನು ತಿಳಿಯುವ ಕಾಲ ಮುಗಿದಿದೆಯೆಂದು ಅವರಿಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಇಷ್ಟೇ: ಅಂದು ಅವನು ಅಂದದ್ದೇನೆಂದು ಅವನ ಬಾಯಿಂದಲೇ ಒಂದು ಸಲ ಕೇಳುವುದು. ಆ ಹಂಬಲ ಅವರನ್ನು ಹಿಂಡಿಬಿಟ್ಟಿತು. ಭಾನುವಾರ ಚರ್ಚಿನಲ್ಲಿ ಪಾಪನಿವೇದನೆ ಮಾಡಿ ಬಂದರು. ಹಗುರವಾಯಿತೇ ಎಂದು ಕೇಳಿದೆ. “ಫಾದರ್ ಕ್ಷಮಿಸಿದರು. ಆದರೆ ಜೈಲಿಗೆ ಹೋದವರು ಫಾದರ್ ಅಲ್ಲವಲ್ಲ” ಎಂದರು.

ಆರು ತಿಂಗಳು ಹುಡುಕಿ, ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ, ಜವರಪ್ಪನ ವಿಳಾಸ ತಂದುಕೊಟ್ಟವರು ಚಿಕ್ಕಯ್ಯನವರೇ. ಅವನಿದ್ದದ್ದು ಮೈಸೂರಿನಲ್ಲೇ, ಮಂಡಿ ಮೊಹಲ್ಲಾದ ಒಂದು ಬೆಲ್ಲದ ಸಗಟು ಅಂಗಡಿಯಲ್ಲಿ. ತೋಮಸ್ ಅವರ ಕಾರ್ಖಾನೆಯಿದ್ದ ಓಣಿಗೆ ಅಲ್ಲಿಂದ ನೂರು ಹೆಜ್ಜೆ.

ಹೋಗುವ ಹಿಂದಿನ ಎರಡು ದಿನ ಅವರು ಪ್ರಶ್ನೆಯನ್ನು ತಯಾರು ಮಾಡಿದರು. ಉತ್ತರವನ್ನು ಬಾಯಿಗೆ ಹಾಕಿಕೊಡುವಂಥ ಪ್ರಶ್ನೆ ಕೇಳಬಾರದೆಂದು ಜೀವಮಾನವಿಡೀ ವಕೀಲರನ್ನು ಗದರಿದವರು, ‘ಅಂಗೇ’ ಎಂಬುದಾಗಲಿ ‘ಅಂಗಂತೆ’ ಎಂಬುದಾಗಲಿ ಬಾಯಿ ತಪ್ಪಿಯೂ ಬರಕೂಡದೆಂದು ನನ್ನೆದುರು ನಾಲ್ಕಾರು ಸಲ ಹೇಳಿ ನೋಡಿಕೊಂಡರು. ಆಟೋದಲ್ಲಿ ಬಿಸ್ಕತ್ತು ತೆಗೆದು, ತಿನ್ನಲಾಗದೆ, ಮತ್ತೆ ಕಾಗದದಲ್ಲಿ ಸುತ್ತಿಟ್ಟರು.

ಅಂಗಡಿಯ ಮುಂದೆ ಬೆಲ್ಲದ ವಾಸನೆ, ಜೇನುನೊಣ, ಅರ್ಧ ರಸ್ತೆಗೆ ಅಡ್ಡ ನಿಂತ ಲಾರಿ. ಐವತ್ತೈದರ ಆಸುಪಾಸಿನ ಮನುಷ್ಯ, ತಲೆಗೆ ಟವೆಲು ಸುತ್ತಿದವನು, ನಮ್ಮನ್ನು ಕಂಡು ಮೂಟೆಯೊಂದನ್ನು ಕೊಡವಿ ಕೂರಲು ಹೇಳಿದ. ಮೇಡಂ ಕೂರಲಿಲ್ಲ.

“ನಾನು ಯಾರು ಅಂತ ಗೊತ್ತಾಯ್ತಾ ಜವರಪ್ಪನವರೇ?”

ಅವನು ನೋಡಿದ. ಮೊದಲು ನಗು ಬಂತು, ಆಮೇಲೆ ಗುರುತು. “ಗೊತ್ತಾಯ್ತು ಕಣವ್ವ. ಕೋರ್ಟಲ್ಲಿ ಮ್ಯಾಲೆ ಕುಂತಿದ್ರಲ್ಲ, ನೀವೇಯ. ಕುಂತ್ಕಳಿ.”

“ಒಂದು ಮಾತು ಕೇಳೋಕೆ ಬಂದಿದೀನಿ. ಕೊನೆ ದಿನ ನಿಮ್ಮನ್ನು ನಿಲ್ಲಿಸಿಕೊಂಡು ಪ್ರಶ್ನೆ ಕೇಳಿದ್ದೆ. ಎರಡನೇ ಸಾಕ್ಷಿ ಹೇಳಿದ್ದರ ಬಗ್ಗೆ ಕೇಳಿದಾಗ ನೀವು ಏನು ಹೇಳಿದ್ರಿ?”

ಅವನು ಟವೆಲು ಬಿಚ್ಚಿ ಮುಖ ಒರೆಸಿಕೊಂಡ, ಲಾರಿಯ ಕಡೆ ನೋಡಿದ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ಪ್ರಯತ್ನಪಟ್ಟ. ಮೇಡಂ ಅವರ ಎಡಗೈ ಸ್ವೆಟರಿನ ಅಂಚನ್ನು ಹಿಡಿದಿತ್ತು. ಮುಖ ನೋಡಿದರೆ ಮನಸ್ಸು ವಾಲುತ್ತದೆಂದು ಈಚೆಗೆ ಯಾರು ಮಾತಾಡಿದರೂ ಗೋಡೆಯನ್ನೇ ನೋಡುವವರು, ಅಂದು ಅವನ ತುಟಿಗಳಿಂದ ಕಣ್ಣು ಕೀಳಲಿಲ್ಲ.

“ನೆಪ್ಪಿಲ್ಲ ಕಣವ್ವ” ಎಂದ ಕೊನೆಗೆ. “ನಾನ್ ಏನಂದ್ರೂವೆ ನೀವ್ ಬರ್ಕಳದು ಒಂದೇಯ ಅಂತ ಅವತ್ತೇ ಗೊತ್ತಾಗಿತ್ತು. ಅದ್ಕೇ ಏನಂದೆ ಅಂತ ನೆಪ್ಪಿಟ್ಕಳಕ್ಕೆ ಹೋಗ್ಲಿಲ್ಲ.”

ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಬಿಸಿಲು ಜಾಸ್ತಿಯಾಯಿತು ಎನ್ನುವಷ್ಟು ಸಹಜವಾಗಿ ಹೇಳಿದ. ಬೈದಿದ್ದರೆ ಮೇಡಂ ತಡೆದುಕೊಳ್ಳುತ್ತಿದ್ದರು, ಅದಕ್ಕೆ ಸಿದ್ಧವಾಗಿಯೇ ಬಂದಿದ್ದರು. ಅವರು ಆ ಮೂಟೆಯ ಮೇಲೆ ಕೂತರು. ಅವನಿಗೆ ಕನಿಕರ ಹುಟ್ಟಿರಬೇಕು. ಟೀ ತರಿಸಿ ಕೈಗೆ ಕೊಟ್ಟು, “ನೆಪ್ಪಾದ್ರೆ ಫೋನ್ ಮಾಡ್ತೀನಿ ಬುಡಿ ಅವ್ವ, ನಂಬರ್ ಕೊಟ್ಟೋಗಿ” ಎಂದ. ಮೇಡಂ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. ವಾಪಸು ಬರುವಾಗ ಆಟೋದಲ್ಲಿ ಒಂದೇ ಮಾತು ಆಡಿದರು. “ಆ ಕೋರ್ಟಿನಲ್ಲಿ ನನ್ನನ್ನ ಸರಿಯಾಗಿ ಅಳೆದವನು ಅವನೊಬ್ಬನೇ ಮೇಷ್ಟ್ರೇ.”

ಆಮೇಲೆ ಎರಡು ಸಲ ಒಬ್ಬರೇ ಅಲ್ಲಿಗೆ ಹೋಗಿಬಂದರು. ಎರಡನೆಯ ಸಲ ಅವನಿರಲಿಲ್ಲ. ಕೆಲಸ ಬಿಟ್ಟು ಮಗಳ ಊರಿಗೆ ಹೋದನೆಂದು ಅಂಗಡಿಯವರು ಹೇಳಿದರು, ಯಾವ ಊರೆಂದು ಯಾರಿಗೂ ತಿಳಿಯದು. ಹೋದವನು ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರಬಹುದೆಂಬ ಆಸೆ ಮಾತ್ರ ಉಳಿದಿದೆ. ಅಪರಿಚಿತ ನಂಬರಿನ ಕರೆಯನ್ನು ನಾವೆಲ್ಲ ಕತ್ತರಿಸಿಹಾಕುವ ಈ ಕಾಲದಲ್ಲಿ ಅವರು ಎರಡನೆಯ ರಿಂಗಿಗೆ ಮುಂಚೆ ಎತ್ತಿಕೊಳ್ಳುತ್ತಾರೆ. ಸೈಟು ಮಾರುವವರು, ವಿಮೆ ಮಾಡಿಸಿಕೊಳ್ಳಿ ಎನ್ನುವವರು, ರಾಂಗ್ ನಂಬರಿನವರು, ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳಿ, ಮೆಲ್ಲಗೆ ಫೋನು ಇಡುತ್ತಾರೆ. ಸ್ನಾನಕ್ಕೆ ಹೋಗುವಾಗ ಸಿದ್ದಲಿಂಗಮ್ಮನ ಕೈಗೆ ಫೋನು ಕೊಟ್ಟು, ಯಾರಾದರೂ ಏನಾದರೂ ಹೇಳಿದರೆ ಅವರಂದ ಹಾಗೆಯೇ ಹೇಳಬೇಕು, ನಿನ್ನ ಮಾತು ಸೇರಿಸಬೇಡ ಎಂದು ತಾಕೀತು ಮಾಡುತ್ತಾರೆ. ಅವಳೂ ಈಗ ಗೊಣಗುವುದನ್ನು ಬಿಟ್ಟಿದ್ದಾಳೆ.

ಇನ್ನೊಬ್ಬರ ಬಾಳಿನ ಮೇಲೆ ಷರಾ ಬರೆದು ಪೆನ್ನಿನ ಮುಚ್ಚಳ ಹಾಕುತ್ತಲೇ ಅದನ್ನು ಮರೆಯಬಲ್ಲವರು ಸುಖಿಗಳು, ಅವರಿಲ್ಲದೆ ಲೋಕವೂ ನಡೆಯದು. ನಾವೆಲ್ಲ ಬಹುಮಟ್ಟಿಗೆ ಆ ಗುಂಪಿನವರೇ. ನೆರೆಯವರ ಮೇಲೆ, ನೆಂಟರ ಮೇಲೆ ದಿನಕ್ಕೆ ನಾಲ್ಕು ತೀರ್ಮಾನ ಮಾಡಿ ಊಟಕ್ಕೆ ಏಳುತ್ತೇವೆ. ಫಿಲೋಮಿನಾ ಮೇಡಂ ಅವರಂಥವರ ಕುಲ ಸಣ್ಣದು. ತಾವು ಕೇಳಿಸಿಕೊಂಡದ್ದು ಎದುರಿನವನ ಮಾತೋ ತಮ್ಮ ಮನಸ್ಸಿನ ಮಾತೋ ಎಂದು ತಡವಾಗಿಯಾದರೂ ಕೇಳಿಕೊಂಡು, ಉತ್ತರ ಸಿಗದೆ ಕಾಯುವವರು. ತಪ್ಪು ಮಾಡಿದೆನೆಂದು ಖಚಿತವಾಗಿ ತಿಳಿದು ಅತ್ತುಬಿಡುವ ಭಾಗ್ಯವೂ ಅವರಿಗಿಲ್ಲ. ಶಿಕ್ಷೆ ಅನುಭವಿಸಿದವನಿಗೆ ಬಿಡುಗಡೆಯ ದಿನವೆಂದು ಒಂದಿರುತ್ತದೆ, ಅವನು ಅದನ್ನು ಗೋಡೆಯ ಮೇಲೆ ಗೀಚಿ ಎಣಿಸಬಹುದು. ಶಿಕ್ಷೆ ಕೊಟ್ಟು ಸಂಶಯಕ್ಕೆ ಸಿಕ್ಕಿಬಿದ್ದವರಿಗೆ ಅಂಥದೊಂದು ತಾರೀಖನ್ನು ಯಾರೂ ಬರೆದುಕೊಟ್ಟಿರುವುದಿಲ್ಲ.